ಮನೆಗಾಡಿಯೂ ಜಯಮ್ಮನ ಕಡಲೂ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯನ್ನೇ ಗಾಡಿಯೊಳಗೆ ಹಾಕಿಕೊಂಡು ಊರೂರು ಸುತ್ತಲು ಹೊರಟವನು ಏನು ಮಾಡಬೇಕೆಂದು ಮಾತ್ರ ಹೇಳಿಲ್ಲ. ನಿವೃತ್ತಿಯಾದ ಮೇಲೆ ನನಗೆ ಹಿಡಿದ ಹುಚ್ಚು ಈ ಮನೆಗಾಡಿ. ಹಳೆಯ ಟೆಂಪೋ ಒಂದನ್ನು ಕೊಂಡು, ನಂಜನಗೂಡಿನ ಗ್ಯಾರೇಜೊಂದರಲ್ಲಿ ಅದರೊಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ನೆತ್ತಿಯ ಮೇಲೊಂದು ನೀರಿನ ಟ್ಯಾಂಕು ಕೂರಿಸಿದೆ. ನನ್ನ ಹೆಂಡತಿ ಜಯಮ್ಮ ಹುಟ್ಟಿದಾಗಿನಿಂದ ಕಡಲು ಕಂಡವಳಲ್ಲ. ಕನ್ಯಾಕುಮಾರಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರಿಂದಲೇ ಅವಳು ಈ ಹುಚ್ಚಿಗೆ ಒಪ್ಪಿದ್ದು.

ಆದರೆ ಮನೆಗಾಡಿ ಸಿದ್ಧವಾಗುವಷ್ಟರಲ್ಲಿ ಡೀಸೆಲ್ ಬೆಲೆ ಮುಗಿಲು ಮುಟ್ಟಿತ್ತು. ಬಂಕಿಗೆ ಹೋದಾಗಲೆಲ್ಲ ಬೋರ್ಡಿನ ಮೇಲಿನ ಅಂಕಿ ಬೇರೆಯಾಗಿರುತ್ತಿತ್ತು. ನಾನೋ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿಗಳನ್ನು ತೂಗುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಗಾಡಿಯ ಭಾರ ಇಳಿಸಿದರೆ ಡೀಸೆಲ್ ಉಳಿಯುತ್ತದೆ ಎಂಬ ಮಹಾಸತ್ಯ ನನಗೆ ಸ್ನಾನದ ಮನೆಯಲ್ಲಿ ಹೊಳೆಯಿತು. ಬಂದು ನೋಡಿದರೆ ಜಯಮ್ಮ ಅಕ್ಕಿ ಮೂಟೆ, ರಾಗಿ ಹಿಟ್ಟು, ಉಪ್ಪಿನಕಾಯಿ ಜಾಡಿ, ಕೊನೆಗೆ ಒರಳುಕಲ್ಲನ್ನೂ ಗಾಡಿಗೆ ಏರಿಸಿದ್ದಳು. "ಮನೆ ಅಂದ್ಮೇಲೆ ಒರಳು ಬ್ಯಾಡ್ವಾ?" ಎಂದಳು. ಜಗಳ ಬೇಡವೆಂದು ನಾನೊಂದು ಉಪಾಯ ಹೂಡಿದೆ. ಟಿ. ನರಸೀಪುರದ ದಾರಿ ಹಿಡಿಯುವುದು, ದಾರಿಯಲ್ಲಿ ಸಿಗುವ ನೆಂಟರಿಗೆ ಇವನ್ನೆಲ್ಲ ಉಡುಗೊರೆಯೆಂದು ಕೊಟ್ಟು ಹಗುರಾಗುವುದು. ನೆಂಟರಿಗೂ ಖುಷಿ, ಡೀಸೆಲ್ಲೂ ಉಳಿತಾಯ.

ಹದಿನಾರು ಎಂಬ ಊರಿನಲ್ಲಿ ಜಯಮ್ಮನ ಚಿಕ್ಕಮ್ಮನ ಮನೆ. ಅಕ್ಕಿ ಮೂಟೆ ಇಳಿಸಿ ಅಲ್ಲೇ ಸುರಿದುಕೊಟ್ಟು, ಖಾಲಿ ಚೀಲ ಮಡಿಸಿಕೊಳ್ಳುತ್ತಿದ್ದೆ. ಚಿಕ್ಕಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಬರೀ ಚೀಲ ವಾಪಸ್ ಕೊಡಕಾಯ್ತದಾ ಅಳಿಯಂದಿರೇ? ನೋಡ್ದೋರು ಏನಂದಾರು?"

ಚೀಲ ತುಂಬ ತೆಂಗಿನಕಾಯಿ ಬಂತು. ಅದರ ಹಿಂದೆಯೇ ಎರಡು ಬಾಳೆಗೊನೆ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ ಒಂದು ಸಿಹಿಗುಂಬಳಕಾಯಿ. ಬೇಡವೆಂದರೆ, "ನಿಮ್ಗಲ್ಲ, ನಮ್ ಉಡುಗೀಗೆ" ಎಂದರು. ಅವರ ಮನೆಯ ಟಿಲ್ಲರಿಗೂ ಡೀಸೆಲ್ಲೇ ಬೇಕು, ಅವರಿಗೂ ಬೆಲೆ ಏರಿದೆ. ಆ ತಾಯಿಯ ಕೈ ಮಾತ್ರ ಕುಗ್ಗಿರಲಿಲ್ಲ. ನನಗೆ ನಿಜವಾಗಿಯೂ ಕೈಮುಗಿಯಬೇಕೆನ್ನಿಸಿತು. ಆದರೆ ಕೈಯಲ್ಲಿ ಕುಂಬಳಕಾಯಿ ಇತ್ತು.

ಸೋಸಲೆಯಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ಒರಳುಕಲ್ಲನ್ನು ಇಳಿಸಿದೆವು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಆ ಜಾಗದಲ್ಲಿ ಎರಡು ಮೂಟೆ ಭತ್ತ ಕೂತಿತ್ತು. ಡೀಸೆಲ್ ಮುಳ್ಳು ನೋಡಿದರೆ ಕನ್ಯಾಕುಮಾರಿ ಹಾಗಿರಲಿ, ಕೊಳ್ಳೇಗಾಲವೂ ಅನುಮಾನ. ನಾನು ಜಯಮ್ಮನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ, ಇರುವಷ್ಟು ವೇದಾಂತವನ್ನೆಲ್ಲ ಸೇರಿಸಿ ಹೇಳಿದೆ. "ನೋಡು, ಈ ಕಾವೇರಿ ನೀರೂ ಕೊನೆಗೆ ಕಡಲಿಗೇ ಹೋಗೋದು. ಇದನ್ನೇ ಕಡಲು ಅಂದ್ಕೊ."

ಅವಳು ಹರಿಯುವ ನೀರಿನ ಕಡೆ ಕೈ ತೋರಿಸಿದಳು. "ನೀರು ಓಯ್ತದೆ. ನಾನು ಓಗಬ್ಯಾಡ್ವಾ?" ಎಂದಳು. ಅವಳ ಕಣ್ಣು ತುಂಬಿತ್ತು.

ಸಂಜೆ ಅಡುಗೆಮನೆಯಲ್ಲಿ ಜಯಮ್ಮ ಮತ್ತು ಅಕ್ಕನ ಗುಸುಗುಸು ನಡೆಯಿತು. ಬೆಳಿಗ್ಗೆ ಎದ್ದರೆ ಇಬ್ಬರೂ ಸೀರೆಯುಟ್ಟು, ಆಧಾರ್ ಕಾರ್ಡು ಹಿಡಿದು, ಒಂದೊಂದು ಕೈಚೀಲದೊಂದಿಗೆ ನಿಂತಿದ್ದರು.

"ಸರ್ಕಾರಿ ಬಸ್ನಲ್ಲಿ ಎಂಗುಸ್ರುಗೆ ದುಡ್ಡಿಲ್ಲ ಕಣ್ಲಾ ತಮ್ಮ," ಎಂದಳು ಅಕ್ಕ. "ಕನ್ಯಾಕುಮಾರೀಲಿ ಇರೋದೂ ಕಡಲೇಯ, ಮಂಗ್ಳೂರಲ್ಲಿ ಇರೋದೂ ಕಡಲೇಯ. ನೀನು ಮನೆ ನೋಡ್ಕೊ."

ಯಾವ ಮನೆ ಎಂದು ಕೇಳುವಷ್ಟರಲ್ಲಿ ನರಸೀಪುರದ ಬಸ್ಸು ಬಂತು, ಇಬ್ಬರೂ ಹತ್ತಿದರು. ತಿಂಗಳುಗಟ್ಟಲೆ ನಾನು ಮೈಲೇಜು, ಟೈರಿನ ಗಾಳಿ, ಗಾಡಿಯ ಭಾರವೆಂದು ತಲೆ ಕೆಡಿಸಿಕೊಂಡಿದ್ದೆ. ಈ ಹೆಂಗಸರು ಒಂದು ಕೈಚೀಲದಲ್ಲಿ ಅದನ್ನೆಲ್ಲ ಮುಗಿಸಿದ್ದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬೆರಗಾಗಿ ನಿಂತಿದ್ದೆ. ಆಮೇಲೆ ಮನೆಗಾಡಿಯ ಒಲೆಯಲ್ಲಿ ಮೊದಲ ಬಾರಿಗೆ ಅಡುಗೆ ಮಾಡಿದೆ. ಕುಂಬಳಕಾಯಿ ಹುಳಿ. ಮೂರು ಹೊತ್ತೂ ಅದೇ.

ಮರುದಿನ ಡ್ರೈವರ್ ಸೀಟಿನಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾಗ ಫೋನು ಬಂತು. ಜಯಮ್ಮ ಕೂಗಿಕೊಂಡೇ ಮಾತಾಡುತ್ತಿದ್ದಳು.

"ರೀ, ಇದು ಆ ಕಡೆ ದಡಾನೇ ಇಲ್ವಲ್ರೀ! ಇಷ್ಟೊಂದು ಇರ್ತದೆ ಅಂತ ನೀವು ಯೋಳ್ಲೇ ಇಲ್ವಲ್ಲ! ಒಸಿ ತಡೀರಿ, ಕೇಳುಸ್ತೀನಿ."

ಫೋನನ್ನು ಅವಳು ನೀರಿನ ಕಡೆ ಹಿಡಿದಿರಬೇಕು. ಏನೋ ಒಂದು ಬಂದು ಅಪ್ಪಳಿಸಿತು, ಹಿಂದೆ ಸರಿಯಿತು, ಮತ್ತೆ ಬಂತು. ನಾನು ಬಾಯಲ್ಲಿದ್ದ ಹಣ್ಣನ್ನು ಅಗಿಯುವುದನ್ನೇ ಮರೆತೆ.

"ಕೇಳುಸ್ತಾ? ಎಂಗದೆ?" ಎಂದಳು.

"ಹೂಂ, ಕಡಲು ಅಂದ್ರೆ ಹಂಗೇ ಕಣೆ," ಎಂದು ಗಂಭೀರವಾಗಿ ಹೇಳಿದೆ. ನಾನೂ ಇದುವರೆಗೆ ಕಡಲು ಕಂಡವನಲ್ಲ.