ಮಗಳ ಬಿಲ್ಲೆ, ನಾದಿನಿಯ ಶೇವು

ಸೇಡಂನಲ್ಲಿ ನಮ್ಮ ಮನೆತನದ ಬಗ್ಗೆ ಯಾರನ್ನು ಬೇಕಾದರೂ ಕೇಳಬಹುದು. ನನ್ನ ಮಾವನವರ ತಂದೆ ಅರ್ಧ ಊರಿಗೆ ಅಕ್ಷರ ಕಲಿಸಿದವರು. ಮಾವನವರು ಚಿತ್ತಾಪುರದ ಕೋರ್ಟಿನಲ್ಲಿ ವಕೀಲರು; ಅವರು ಒಳಗೆ ಬಂದರೆ ಎದುರು ಪಕ್ಷದವರೂ ಎದ್ದು ನಿಲ್ಲುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಚಮಚ ತಟ್ಟೆಗೆ ತಾಗಿ ಸದ್ದಾದರೆ ಅಲ್ಲಿ ಸಿಸ್ಟರುಗಳು ಊಟವನ್ನೇ ನಿಲ್ಲಿಸುತ್ತಿದ್ದರು. ಇಂಥ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ನಡೆಯಬಾರದು. ಆದರೂ ನಡೆಯುತ್ತಲೇ ಇರುತ್ತವೆ, ಏಕೆಂದರೆ ಮನೆಗೆ ಜನ ಬರುತ್ತಾರೆ.

ನನ್ನ ಮಗಳು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರ್. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರಿನಿಂದ ಕರಗಿಸಿ, ಅದರ ಮೇಲೆ ಮತ್ತೊಂದು ಪದರ ಹರಡಿ, ಹೀಗೆ ಎಂಜಿನ್ನಿನ ಭಾಗಗಳನ್ನು ಬೆಳೆಸುವುದು ಅವಳ ಕೆಲಸ. ಶಬ್ದಕ್ಕಿಂತ ಐದು ಪಟ್ಟು ವೇಗವಾಗಿ ಹಾರುವ ಯಂತ್ರದ ಎಂಜಿನ್ನು. ನನಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಬೇರೆ ಯಾರಿಗೂ ಅರ್ಥವಾಗುವುದಿಲ್ಲವೆಂದು ತಿಳಿದದ್ದು, ಅವಳಿಗೆ ಗಂಡು ನೋಡಲು ಶುರು ಮಾಡಿದ ಮೇಲೆ.

ವಾಡಿಯಲ್ಲಿ

ವಾಡಿ ಸ್ಟೇಷನ್ನಿನಲ್ಲಿ ಹೈದರಾಬಾದಿನ ಗಾಡಿಗೆ ಕಾಯುತ್ತಿದ್ದೆ. ರೈಲ್ವೆಯಿಂದ ನಿವೃತ್ತರಾದ ಪರಿಚಯದವರೊಬ್ಬರು ಪಕ್ಕದಲ್ಲಿ ಬಂದು ಕೂತರು. ಅವರ ಅಣ್ಣನ ಮಗನಿಗೆ ಹೆಣ್ಣು ಹುಡುಕುತ್ತಿದ್ದರಂತೆ.

"ಮಗಳು ಏನ್ ಮಾಡ್ಲಿಕತ್ತಾಳ್ರಿ?"

ಹೇಳಿದೆ. ಐದು ಪಟ್ಟು ವೇಗ ಎಂಬುದನ್ನು ಒತ್ತಿಯೇ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತ ಸಿಗ್ನಲ್ ಕಡೆ ನೋಡಿದರು.

"ಅಷ್ಟು ಜೋರ್ ಬಂದು ಏನ್ ಮಾಡೋದದರಿ? ಕಡೀಗೆ ವಾಡಿ ಔಟರ್ ಸಿಗ್ನಲ್‌ನ್ಯಾಗ ನಿಂದ್ರೋದೇ ಅದ."

ಶಹಾಬಾದಿನಲ್ಲಿ

ಶಹಾಬಾದಿನಲ್ಲಿ ನಮ್ಮವರ ಗೆಳೆಯರೊಬ್ಬರದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ. ಸಂಬಂಧ ಕೂಡಿಸುವುದರಲ್ಲಿ ಅವರಿಗೆ ಹೆಸರಿತ್ತು. ಅವರಿಗೂ ವಿವರಿಸಿದೆ. ಕೇಳಿ ಅವರಿಗೆ ಕನಿಕರವೇ ಬಂದಿತು.

"ವೈನಿ, ನಾವು ಕಲ್ಲಿನ ಪದರ ಬಿಡಿಸಿ ಹೊಟ್ಟಿ ತುಂಬಿಸ್ಕೋತೀವಿ. ನಿಮ್ಮ ಮಗಳು ಕೂಡಿಸ್ಲಿಕತ್ತಾಳ. ದೇವರು ಮಾಡಿ ಮುಗಿಸಿದ ಕೆಲಸ ಅದು. ಹೋಗಲಿ, ದಿನಕ್ಕ ಎಷ್ಟು ಏಳ್ತದ?"

"ಒಂದು ಬೆರಳಿನಷ್ಟು," ಎಂದೆ.

"ಹಂಗಾರ ನಮ್ಮ ಚಿಂಚೋಳಿ ರಸ್ತಾದ ಗುತ್ತೇದಾರನ ಕೈಯಾಗ ಕಲ್ತಿರಬೇಕು!"

ಅವರು ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ.

ನಮ್ಮ ಮನೆಯಲ್ಲಿ

ಕಡೆಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಪ್ರೊಫೆಸರ್, ಮನೆಯವರು ಮರ್ಯಾದಸ್ಥರು. ಚಿತ್ತಾಪುರದ ನನ್ನ ನಾದಿನಿ ಬೆಳಿಗ್ಗೆಯೇ ಬಂದು, ಯಾರೂ ಕರೆಯದಿದ್ದರೂ ಅಡುಗೆಮನೆ ಹಿಡಿದಳು. ನಾನು ಹಾಲ್‌ನಲ್ಲಿ ನ್ಯಾಪ್ಕಿನ್ ಮಡಿಸುತ್ತಿದ್ದೆ.

ಬೀಗರಾಗಬೇಕಾದವರು ಬಂದರು. ನಾದಿನಿ ಕಡಲೆಹಿಟ್ಟಿನ ಶೇವು ಕರಿದು ತಂದಿಟ್ಟಳು. ಹುಡುಗನ ತಂದೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಏನ್ ಶೇವ್ರೀ ಇದು! ಹಗ್ಗ ಹೊಸೆದಂಗ ತಿರುವ್ಯಾವ!"

ಎರಡನೆಯ ಸಲ ಹಾಕಿಸಿಕೊಂಡರು. ಅವರ ಹೆಂಡತಿಯೂ ಹಾಕಿಸಿಕೊಂಡರು. ನಾದಿನಿ ಉಬ್ಬಿ ಹೇಳಿದಳು:

"ವೈನಿ ಅವರ ಶೇವು ಒತ್ತೋ ಒರಳಿನ ಬಿಲ್ಲಿ ಸೀಳಿತ್ತು. ಶೋಕೇಸಿನ್ಯಾಗ ಇನ್ನೊಂದು ಚಲೋದು ಇತ್ತು. ಅಳತಿ ತೊಗೊಂಡಂಗ ಕೂತ್ತು ನೋಡ್ರಿ!"

ಶೋಕೇಸಿನಲ್ಲಿದ್ದದ್ದು ಮಗಳು ಲೇಸರ್ ಯಂತ್ರದಲ್ಲಿ ಮಾಡಿದ ಮೊದಲ ಬಿಲ್ಲೆ. ಎಂಜಿನ್ನಿಗೆ ಇಂಧನ ಚಿಮ್ಮಿಸುವಂಥದು. ನೆನಪಿಗೆಂದು ಮನೆಗೆ ತಂದಿದ್ದಳು.

ಮಗಳು ಅಡುಗೆಮನೆಗೆ ಓಡಿ, ಕಡಲೆಹಿಟ್ಟು ಮೆತ್ತಿದ ಬಿಲ್ಲೆ ಹಿಡಿದು ಬಂದಳು. "ಅತ್ತೀ, ಇಂಧನ ಸುರುಳಿ ಸುತ್ತಿ ಬರಲಿ ಅಂತ ಇದರ ತೂತು ಓರೆ ಮಾಡೇವಿ!"

"ಭಾಳ ಶಾಣ್ಯಾ ಹುಡುಗಿ!" ಎಂದರು ಹುಡುಗನ ತಂದೆ. ಆ ಗಳಿಗೆಯಲ್ಲಿ ಮದುವೆ ಆದಂತೆಯೇ ಇತ್ತು.

ಹುಡುಗನ ತಾಯಿ ಕೇಳಿದರು: "ಇಷ್ಟು ಚಲೋ ಬಿಲ್ಲಿ ಎಂಜಿನ್‌ಗೆ ಹಾಕೋದು ಬಿಟ್ಟು ಮನ್ಯಾಗ ಯಾಕ ಇಟ್ಟೀರಿ?"

ಸುಳ್ಳು ಹೇಳಬಾರದೆಂದು ಮಗಳಿಗೆ ಕಲಿಸಿದವಳು ನಾನೇ.

"ಅದು ಫೇಲಾಗ್ಯದ್ರೀ. ತೂತಿನೊಳಗಿನ ಲೋಹದ ಪುಡಿ ಏನ್ ಮಾಡಿದ್ರೂ ಹೊರಗ ಬರಲಿಲ್ಲ."

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ನಾದಿನಿ ಸಮಾಧಾನ ಹೇಳಿದಳು:

"ಈಗ ಪೂರಾ ಬಂದಿರ್ತದ ಬಿಡು."

ಹುಡುಗನ ತಾಯಿ ಬಾಯಲ್ಲಿದ್ದದ್ದನ್ನು ನಾನು ಮಡಿಸಿಟ್ಟ ನ್ಯಾಪ್ಕಿನ್ನಿಗೆ ಉಗಿದರು. ಶಬ್ದಕ್ಕಿಂತ ವೇಗವಾಗಿ ಹೋಗುವ ವಸ್ತುವನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಅದು ಅವರ ಜೀಪು.

ಸಂಬಂಧ ಮುರಿಯಿತು. ಅದಾದ ಮೇಲೆ ನಾದಿನಿ "ನಮ್ಮ ವೈನಿ ಬೀಗರಿಗೆ ಕಬ್ಬಿಣ ತಿನಿಸಿದರು" ಎಂದು ಚಿತ್ತಾಪುರದ ಮನೆಮನೆಯಲ್ಲೂ ಹೇಳುತ್ತಿದ್ದಾಳೆ. ಅದು ಕಬ್ಬಿಣವಲ್ಲ, ನಿಕಲ್ ಮಿಶ್ರಲೋಹ. ತಿನಿಸಿದವಳು ನಾನಲ್ಲ, ಅವಳು.

ಅವಳು ಸೇಡಂಗೆ ಬಂದು, ನಮ್ಮ ಹಾಲ್‌ನಲ್ಲಿ ನಿಂತು, ನನ್ನ ಮಗಳ ಎದುರು ಕ್ಷಮೆ ಕೇಳಬೇಕು.