ಸುಂದರಿಯ ಗಂಡನ ಬಲ ಹಿಮ್ಮಡಿ

ಚೆಲುವೆಯ ಗಂಡನಾಗಿರುವುದು ಸುಲಭದ ಉದ್ಯೋಗವಲ್ಲ. ಜನ ಮೊದಲು ಅವಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ದೇವರನ್ನು ನೆನೆಯುತ್ತಾರೆ. ನಾನಂತೂ ಮೊದಲಿನಿಂದಲೂ ದೇವರನ್ನೇ ನೆನೆಯುತ್ತ ಬಂದವನು. ತಿಕೋಟಾದ ಇಂದುಮತಿ ವಿಜಾಪುರದ ಈ ಗುಮಾಸ್ತನನ್ನು ಒಪ್ಪಿದ್ದು ಆ ದೇವರ ಕೃಪೆಯಿಂದಲೇ.

ಐವತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಒಂದು ಕ್ಲಬ್ಬಿನವರು ಸೌಂದರ್ಯ ಸ್ಪರ್ಧೆ ಇಟ್ಟರು. ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊತ್ತು, ವೇದಿಕೆಯ ಮೇಲೆ ಹತ್ತು ಹೆಜ್ಜೆ ನಡೆಯಬೇಕು, ಅಷ್ಟೆ. ಇಂದುಮತಿ ನಡೆದಳು, ‘ವಿಜಾಪುರ ಸುಂದರಿ’ ಆದಳು. ಬಹುಮಾನದ ಕಪ್ಪನ್ನು ನಮ್ಮವ್ವ ಎರಡು ದಿನ ದೇವರ ಮುಂದಿಟ್ಟು, ಮೂರನೆಯ ದಿನ ಅದಕ್ಕೆ ಸಾಸಿವೆ ತುಂಬಿದಳು. ಸ್ವಂತದ್ದೇನಾದರೂ ಮಾಡಬೇಕೆಂದು ಇಂದುವಿಗೆ ಹೊಳೆದದ್ದು ಬಹುಶಃ ಆ ಸಾಸಿವೆ ನೋಡಿಯೇ.

ನಮ್ಮ ಕಡೆಯ ಒಣಹವೆಗೆ ಚಳಿಗಾಲದಲ್ಲಿ ಒಡೆಯದ ಹಿಮ್ಮಡಿಯೇ ಇಲ್ಲ. ಅವಳು ಕುಸುಬಿ ಎಣ್ಣೆ, ಜೇನುಮೇಣ, ಅರಿಷಿಣ ಕೂಡಿಸಿ ಕಾಯಿಸಿ, ಮುಲಾಮು ಮಾಡಿ, ಸಣ್ಣ ಡಬ್ಬಿಗಳಿಗೆ ತುಂಬಿದಳು. ಅವ್ವನಿಗೆ ಇದು ಸೇರಲಿಲ್ಲ. “ಈ ಚಳಿಗಾಲ ಒಂದು ನೋಡ್ತೇನಿ. ಡಬ್ಬಿ ಹೋಗಲಿಲ್ಲಂದ್ರ ಸುಮ್ನ ಒಲಿ ಮುಂದ ಕುಂದ್ರಬೇಕು ನೋಡು,” ಎಂದಳು. ಇಂದು ಹೂಂ ಅಂದಳು. ಆದರೆ ಆ ದಿನ ಊಟ ಮಾಡಲಿಲ್ಲ.

ಬಬಲೇಶ್ವರದ ಸಂತೆಗೆ ಬುಟ್ಟಿ ಹೊತ್ತು ನಾನೂ ಜೊತೆಗೆ ಹೋದೆ. ಒಂದು ಡಬ್ಬಿಯೂ ಹೋಗಲಿಲ್ಲ. ಒಬ್ಬ ಮುದುಕಿ ಅವಳ ಗಲ್ಲ ಸವರಿ ಹೇಳಿದಳು: “ನೀ ಹುಟ್ಟಾ ಚೆಲುವಿ ಅದಿ ಯವ್ವಾ. ನಿನಗ ಏನ್ ಹಚ್ಚಿದ್ರೂ ಒಪ್ಪತೈತಿ. ಹೊಲದಾಗ ದುಡಿಯೋರ ಹಿಮ್ಮಡಿಗಿ ಇದರಿಂದ ಏನಾಗತೈತಿ?”

ಇಂದುವಿನ ಕಣ್ಣು ನಿಧಾನವಾಗಿ ನನ್ನ ಕಾಲಿನತ್ತ ಇಳಿಯಿತು. “ರೀ, ಚಪ್ಪಲಿ ಬಿಡ್ರಿ.”

ತಟ್ಟಲು ಬಾರದವರ ರೊಟ್ಟಿಯ ಅಂಚಿನಂತೆ ಒಡೆದಿದ್ದವು ನನ್ನ ಹಿಮ್ಮಡಿಗಳು. ಎರಡು ವಾರ ಎಡಗಾಲಿಗೆ ಮಾತ್ರ ಮುಲಾಮು ಹಚ್ಚಿದಳು. ಮೂರನೆಯ ಸಂತೆಗೆ ನನ್ನನ್ನು ಗೋಣಿಚೀಲದ ಮೇಲೆ ಕೂರಿಸಿ, ಎರಡೂ ಕಾಲು ಚಾಚಿಸಿದಳು. ಅದೇ ಮುದುಕಿ ಎಡಗಾಲು ಒತ್ತಿದಳು, ಬಲಗಾಲು ಒತ್ತಿದಳು, ಕೇಳಿದಳು: “ಎರಡೂ ಇವರವ ಏನ?” ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಮುಂದೆ ಗೋಳಗುಮ್ಮಟದ ಬಳಿ ಅಂಗಡಿಯಾಯಿತು. ಅವ್ವನೇ ಬಂದು ಅಂಗಡಿಯಲ್ಲಿ ಕೂರತೊಡಗಿದಳು. ಆ ಮುಲಾಮಿನ ಪುಣ್ಯದಿಂದ ನಮ್ಮ ಮಕ್ಕಳು ಸಾಲಿ ಕಲಿತರು. ಅದನ್ನು ನೆನೆದರೆ ಇಂದಿಗೂ ಕಣ್ಣು ತೇವವಾಗುತ್ತದೆ. ಆದರೆ ನನ್ನ ಬಲ ಹಿಮ್ಮಡಿಗೆ ಮಾತ್ರ ಆ ಪುಣ್ಯ ನಿಷಿದ್ಧ; ಗಿರಾಕಿಗಳಿಗೆ ಹೋಲಿಸಿ ತೋರಿಸಲು ಅದು ಒಡೆದೇ ಇರಬೇಕಿತ್ತು. ಎಷ್ಟೋ ಚಳಿಗಾಲ ಕುಂಟಿದೆ. ಒಂದು ವರ್ಷ ತಾಳಲಾರದೆ, ಕದ್ದು ಹಚ್ಚಿಕೊಂಡೆ. ಮುಲಾಮು ಸುಳ್ಳು ಹೇಳುವುದಿಲ್ಲ, ವಾಸಿಯಾಗಿಬಿಟ್ಟಿತು.

ಅಂಗಡಿಗೆ ಬಂದ ಹೊಸ ಗಿರಾಕಿಯೊಬ್ಬಳು ನನ್ನ ಎರಡೂ ಕಾಲು ನೋಡಿ, “ಇವರ ಹಿಮ್ಮಡಿ ಹುಟ್ಟಾ ಚಂದ ಅದಾವ ಬಿಡ್ರಿ, ಮುಲಾಮ ಏನ್ ಮಾಡೀತು?” ಎಂದಳು. ಜೀವಮಾನದಲ್ಲಿ ನನ್ನ ಯಾವ ಅಂಗವನ್ನೂ ಯಾರೂ ಹಾಗೆ ಹೊಗಳಿರಲಿಲ್ಲ. ಹಿಗ್ಗುವಷ್ಟರಲ್ಲಿ ಇಂದುವಿನ ಮುಖ ಕಂಡಿತು.

ಆಗ ಅವ್ವ ಸೀರೆಯಂಚು ತುಸು ಎತ್ತಿ ತನ್ನ ಎರಡೂ ಕಾಲು ಮುಂದೆ ಚಾಚಿದಳು. ಎಡ ಹಿಮ್ಮಡಿ ಬೆಣ್ಣೆ. ಬಲದ್ದು ಬಿರುಕೋ ಬಿರುಕು.

“ಇಂವ ಒಂದಿನ ಕದ್ದು ಹಚ್ಕೋತಾನಂತ ಗೊತ್ತಿತ್ತು ನನಗ,” ಎಂದಳು. “ಅದಕ್ಕ ನಾನೂ ಒಂದು ಕಾಲು ಹಂಗ ಬಿಟ್ಟೇನಿ.”

ಇಂದು ಬಗ್ಗಿ ಆ ಒಡೆದ ಕಾಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನ ಸೇವೆ ಅಲ್ಲಿಗೆ ಮುಗಿಯಿತು. ಈಗಲೂ ಅಂಗಡಿಗೆ ಹೋದರೆ ಚಪ್ಪಲಿ ಬಿಟ್ಟೇ ಕೂರುತ್ತೇನೆ. ಯಾರೂ ಕೆಳಗೆ ನೋಡುವುದಿಲ್ಲ.