ಮಾಲ್ಟನ್ನಿನಲ್ಲಿ ಗ್ರೀಕ್ ದುರಂತ

ನಾಟಕ ಆಡಿಸುವವನ ಹಣೆಯಲ್ಲಿ ಬ್ರಹ್ಮ ನೆಮ್ಮದಿ ಬರೆದಿರುವುದಿಲ್ಲ. ಬರೆದಿದ್ದರೂ ಕಮಿಟಿಯವರು ಎಡಿಟ್ ಮಾಡಿರುತ್ತಾರೆ. ಹಗಲು ಮೆಡೋವೇಲಿನ ಆಫೀಸು, ಸಂಜೆ ಈ ಪರದೇಶದಲ್ಲಿರುವ ನಮ್ಮ ಕನ್ನಡ ಕೂಟದ ರಿಹರ್ಸಲ್ಲು ಎಂದು ಓಡಾಡಿ ನನಗೆ ಸಾಕುಸಾಕಾಗಿದೆ. ಇಷ್ಟು ವರ್ಷ ನಗೆನಾಟಕಗಳನ್ನೇ ಮಾಡಿಸಿದೆ. ಜನ ನಗುತ್ತಿದ್ದರು, ಬೋಂಡಾ ತಿನ್ನುತ್ತಿದ್ದರು, ನಡುನಡುವೆ ಮನೆಗಳ ರೇಟು ಮಾತಾಡುತ್ತಿದ್ದರು. ಒಂದೇ ಒಂದು ಸಲ ಆ ಸಭೆ ಉಸಿರು ಬಿಗಿಹಿಡಿದು ಕೂರುವುದನ್ನು ನೋಡಬೇಕೆಂದು ನನಗೆ ಆಸೆ.

ಅದಕ್ಕೇ ಈ ಸಲ ಹಳೆಯ ಗ್ರೀಕ್ ದುರಂತವೊಂದನ್ನು ಹಿಡಿದೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಎಂದು ಹುಟ್ಟಿದಾಗಲೇ ಭವಿಷ್ಯ ಹೇಳಿಸಿಕೊಂಡ ರಾಜನ ಕಥೆ. ಹೆತ್ತವರು ಹಸುಗೂಸಿನಲ್ಲೇ ಬೆಟ್ಟಕ್ಕೆ ಬಿಟ್ಟು ಬಂದರೂ ಬದುಕಿ, ಆ ಭವಿಷ್ಯದಿಂದ ತಪ್ಪಿಸಿಕೊಳ್ಳಲು ಹೋಗಿ, ಗೊತ್ತಿಲ್ಲದೆ ಎರಡನ್ನೂ ಮಾಡಿ, ಕೊನೆಗೆ ತಾನು ಯಾರೆಂದು ತಿಳಿದಾಗ ಕಣ್ಣು ಕಿತ್ತುಕೊಳ್ಳುತ್ತಾನೆ.

ಸಂಬಂಧ

ಸ್ಕ್ರಿಪ್ಟ್ ಓದಿದ ಕೂಟದ ಅಧ್ಯಕ್ಷರು ಫೋನ್ ಮಾಡಿದರು.

"ಸಾರ್, ಫ್ಯಾಮಿಲಿ ಆಡಿಯನ್ಸು. ತಾಯೀನ ಮದುವೆ ಆಗೋದು ಸ್ವಲ್ಪ ಜಾಸ್ತಿ ಆಯ್ತು. ಸಂಬಂಧ ಒಂಚೂರು ದೂರ ಮಾಡಿ. ಸೋದರತ್ತೆ ಮಗಳು ಅಂತ ಇಟ್ರೆ?"

"ಸೋದರತ್ತೆ ಮಗಳನ್ನ ಮದುವೆ ಆದ್ರೆ ನಮ್ಮಲ್ಲಿ ಕಣ್ಣು ಕಿತ್ಕೊಳಲ್ಲ ಸಾರ್, ಛತ್ರ ಬುಕ್ ಮಾಡ್ತಾರೆ" ಅಂದೆ.

ಅವರಿಗೆ ಅದೇ ಹಿಡಿಸಿಬಿಟ್ಟಿತು.

"ಅದೂ ಒಳ್ಳೇದೇ ಅಲ್ವಾ? ಹಾಗೇ ಊಟದ ಸೀನ್ ಹಾಕಿಬಿಡಿ."

ತಪ್ಪು ಯಾರದು

ರಾಜನ ಪಾತ್ರಕ್ಕೆ ಸಿಕ್ಕವನು ಧಾರವಾಡದ ಕಡೆಯ ಟ್ರಕ್ ಡ್ರೈವರು. ಕಂಚಿನ ಕಂಠ, ಒಳ್ಳೆಯ ನಟ. ಆದರೆ ಮೂರು ದಾರಿ ಕೂಡುವಲ್ಲಿ, ರಥಕ್ಕೆ ದಾರಿ ಬಿಡುವ ಜಗಳದಲ್ಲಿ, ಅಪರಿಚಿತ ಮುದುಕನೊಬ್ಬನನ್ನು ಕೊಂದೆನೆಂದು ಹೇಳುವಾಗ ಅವನ ಮುಖದಲ್ಲಿ ಎಳ್ಳಷ್ಟೂ ಪಶ್ಚಾತ್ತಾಪ ಇರುತ್ತಿರಲಿಲ್ಲ.

"ಆ ಮುದುಕ ನಿನ್ನ ಅಪ್ಪ ಕಣಯ್ಯಾ!" ಎಂದು ಬಾಯಿ ಬಡಿದುಕೊಂಡೆ.

"ಅಪ್ಪ ಆದ್ರ ಏನಾತ್ರಿ ಸರ? ಮೊದ್ಲ ಬಂದಾವ ಮೊದ್ಲ ಹೋಗಬೇಕು. ಅಲ್ಲೆ ಸ್ಟಾಪ್ ಸೈನ್ ಯಾರ ಕಡೆ ಇತ್ತು, ಅದನ್ನ ಹೇಳ್ರಿ."

"ಅದು ವಿಧಿಯಪ್ಪಾ, ವಿಧಿ!"

"ವಿಧಿ ಅಂದ್ರ ಇನ್ಶೂರೆನ್ಸಿನವ್ರು ರೊಕ್ಕ ಕೊಡೂದಿಲ್ರಿ."

ಶಾಂತಿ

ಮಗನ ಜೊತೆ ರಿಹರ್ಸಲ್ ನೋಡಲು ಬಂದಿದ್ದ ಮೈಸೂರಿನ ಅಜ್ಜಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಹೊಗಳುತ್ತಾರೆಂದು ಹೋದೆ.

"ಅಲ್ಲಾ ಕಣಪ್ಪಾ, ಹುಟ್ಟಿದಾಗಲೇ ಭವಿಷ್ಯ ಹೇಳಿದ್ರು ಅಂತೀಯ. ಹಸುಗೂಸನ್ನ ಬೆಟ್ಟಕ್ಕೆ ಬಿಟ್ಟು ಬರೋ ಬದ್ಲು ಒಂದು ನಕ್ಷತ್ರ ಶಾಂತಿ ಮಾಡಿಸಬಾರದಿತ್ತಾ?"

"ಗ್ರೀಸಿನಲ್ಲಿ ಪುರೋಹಿತರು ಎಲ್ಲಿ ಸಿಗ್ತಾರಮ್ಮಾ?" ಎಂದೆ. ವಾದ ಮಾಡುವ ತ್ರಾಣ ಇರಲಿಲ್ಲ.

"ನಮ್ಮನೇದು ಝೂಮಲ್ಲೇ ಆಯ್ತು. ಮನಸ್ಸಿರಬೇಕು ಅಷ್ಟೆ."

ಪ್ರದರ್ಶನ

ಅಂತೂ ಆ ಸಂಜೆ ಬಂತು. ಮಾಲ್ಟನ್ನಿನ ಬಾಡಿಗೆ ಹಾಲು ತುಂಬಿತ್ತು. ಕೊನೆಯ ದೃಶ್ಯದಲ್ಲಿ ರಾಜ ಕಣ್ಣಿಗೆ ಕೆಂಪು ಬಣ್ಣ ಮೆತ್ತಿದ ಪಟ್ಟಿ ಕಟ್ಟಿಕೊಂಡು, ತಡವರಿಸುತ್ತಾ ರಂಗದ ನಡುವೆ ಬಂದು ನಿಂತ.

"ನಾನು ಯಾರೆಂದು ತಿಳಿಯಿತು. ಇನ್ನು ನೋಡುವುದೇನೂ ಉಳಿದಿಲ್ಲ."

ಸಭೆ ಸ್ತಬ್ಧವಾಯಿತು. ಕೆಮ್ಮಿಲ್ಲ, ಪಿಸುಮಾತಿಲ್ಲ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪರದೆಯ ಪಕ್ಕ ನಿಂತು ನೋಡುತ್ತಿದ್ದೆ. ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಅಂದುಕೊಂಡೆ.

ಆಗಲೇ ರಾಜನ ನಿಲುವಂಗಿಯೊಳಗೆ ಫೋನ್ ಹೊಡೆದುಕೊಂಡಿತು. ಅವನು ಅದನ್ನು ಹೊರತೆಗೆದು ಬಾಯಿ ಮುಚ್ಚಿಸಲು ನೋಡಿದ. ಕಣ್ಣಿಗೆ ಪಟ್ಟಿ, ಏನೂ ಕಾಣದು. ಎಲ್ಲೆಲ್ಲೋ ಒತ್ತಿದ್ದಕ್ಕೆ ಸ್ಪೀಕರ್ ಆನ್ ಆಯಿತು. ಎದೆಗೆ ಸಿಕ್ಕಿಸಿದ್ದ ಮೈಕಿನಿಂದ, ನ್ಯೂಮಾರ್ಕೆಟ್ಟಿನ ಮನೆಯಲ್ಲಿದ್ದ ಅವನ ತಾಯಿಯ ದನಿ ಇಡೀ ಹಾಲಿಗೆ ಕೇಳಿತು:

"ಮಗಾ, ಕಣ್ಣಾಗ ಡ್ರಾಪ್ಸ್ ಹಾಕ್ಕೊಂಡಿ ಇಲ್ಲೋ? ಮುಂಜಾನಿ ಭಾಳ ಕೆಂಪಗ ಆಗಿದ್ವು!"

ಕಟ್ ಮಾಡು ಎಂದು ನಾನು ಕೈ ಬೀಸಿದೆ, ಅವನಿಗೆ ಕಾಣಬೇಕಲ್ಲ! ಹೆತ್ತ ತಾಯಿ ಕೇಳಿದ ಮೇಲೆ ಉತ್ತರ ಕೊಡದೆ ಇರುವವನೂ ಅವನಲ್ಲ. ರಕ್ತ ಸುರಿಯುವ ಪಟ್ಟಿಯನ್ನು ಮೆಲ್ಲಗೆ ಮುಟ್ಟಿಕೊಂಡು ಹೇಳಿದ:

"ಹಾಕ್ಕೊಂಡೇನವ್ವಾ. ಈಗ ಪೂರಾ ಆರಾಮ ಅದಾವ."